ಮೇಲ್ಕಟ್ಟನ್ನು ತೊಳೆದರೆ ಸಾಲದು

ಧ್ಯಾನಭಾಗ: ಯೆಹೆಜ್ಕೇಲ 27:1-9, 26, 2 ಕೊರಿಂಥ 2:5-8



ಪ್ರವಾದಿಯಾದ ಯೆಹೆಜ್ಕೇಲನು ತೂರ್ ಎಂಬ ಸಮುದ್ರತೀರದ ಪಟ್ಟಣದ ವಿಷಯವಾಗಿ ಶೋಕಗೀತವನ್ನೆತ್ತುವಾಗ, ಆ ಪಟ್ಟಣವನ್ನು ಅಂದವಾದ ಒಂದು ಹಡಗಿಗೆ ಹೋಲಿಸಿ, ಅದನ್ನು ಕಟ್ಟಿದ ಸಾಮಗ್ರಿಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಹಲಗೆಗಳು ಸೆನೀರಿನ ಮರದವು; ಪಟಸ್ತಂಭವು ಲೆಬನೋನಿನ ದೇವದಾರು; ಹುಟ್ಟುಗಳು ಬಾಷಾನಿನ ಅಲ್ಲೋನ್ ಮರದವು; ಹಾಯಿಯು ಐಗುಪ್ತದಿಂದ ಬಂದ ಕಸೂತಿಯ ನಾರುಬಟ್ಟೆ; ಮೇಲ್ಕಟ್ಟಾದರೋ ಎಲೀಷ ದ್ವೀಪಗಳ ನೀಲಿ ಮತ್ತು ಧೂಮ್ರವರ್ಣದ ವಸ್ತ್ರ. ಇಷ್ಟೆಲ್ಲಾ ಇದ್ದರೂ ಅಧ್ಯಾಯದ ನಡುವಿನಲ್ಲಿ ಮೂಡಣ ಗಾಳಿಯು ಬೀಸುತ್ತದೆ. ಹಡಗು ಸಮುದ್ರಮಧ್ಯದಲ್ಲಿ ಒಡೆದುಹೋಗುತ್ತದೆ. ಆ ಮೇಲ್ಕಟ್ಟು ಎಷ್ಟು ಅಂದವಾಗಿತ್ತೆಂದು ನಾವು ಓದುತ್ತೇವೆ. ಆದರೆ ಆ ಅಂದವು ಗಾಳಿ ಬೀಸಿದ ದಿನದಲ್ಲಿ ಅದರ ಅಡಿಯಲ್ಲಿದ್ದವರನ್ನು ಕಾಯಲಿಲ್ಲ. ನೋಟಕ್ಕೆ ಚೆನ್ನಾಗಿರುವದು ಬೇರೆ, ಅಡಿಯಲ್ಲಿ ಕೂತವರನ್ನು ಕಾಯುವದು ಬೇರೆ. ಈ ಭೇದವನ್ನು ಕುರಿತು ಈ ತಿಂಗಳು ನಿಮ್ಮೊಂದಿಗೆ ಕೆಲವು ಮಾತುಗಳನ್ನಾಡಬೇಕೆಂದಿದ್ದೇವೆ. ಯಾಕಂದರೆ ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ನಮ್ಮ ನಾಚಿಕೆಯಿಂದ ಕಲಿತೆವು.

ಹಾನಗಲ್ ಸೀಮೆಯವರಾದ ನಮಗೆ ಹಡಗೂ ಇಲ್ಲ, ಹಡಗಿನ ಮೇಲ್ಕಟ್ಟೂ ಇಲ್ಲ. ನಮ್ಮ ವರದಾ ನದಿಯು ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ನಮ್ಮ ಸೀಮೆಯನ್ನು ಹಾದು, ಗಳಗನಾಥದ ಬಳಿಯಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ತುಂಗಭದ್ರೆಯಲ್ಲಿ ಜನರನ್ನು ದಾಟಿಸುವ ಹರಿಗೋಲಿಗೆ ಮೇಲೆ ಹೊದಿಕೆಯಿಲ್ಲ, ಕೆಳಗೆ ಮಾತ್ರ ಉಂಟು. ಬಿದಿರಿನ ಬುಟ್ಟಿಗೆ ಹಿಂದೆ ತೊಗಲನ್ನು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ ಡಾಂಬರು ಬಳಿಯುವದುಂಟು. ಆದರೂ ತಾಡಪತ್ರಿಯನ್ನು ಅರಿಯದ ಮನೆ ನಮ್ಮಲ್ಲಿ ಒಂದೂ ಇಲ್ಲ. ಕಣದ ಭತ್ತಕ್ಕೆ ತಾಡಪತ್ರಿ, ಸಂತೆಗೆ ಹೋಗುವ ಗಾಡಿಗೆ ತಾಡಪತ್ರಿ, ಮದುವೆಯ ಅಂಗಳಕ್ಕೆ ತಾಡಪತ್ರಿ. ಪ್ಲಾಸ್ಟಿಕ್ ಹಾಳೆಗಳು ಬರುವ ಮುಂಚೆ ಇವೆಲ್ಲಾ ದಪ್ಪ ಹತ್ತಿನೂಲಿನ ಕ್ಯಾನ್ವಾಸ್ ಬಟ್ಟೆಯವೇ ಆಗಿದ್ದವು. ಕರಾವಳಿಯ ದೋಣಿಗೆ ಕಟ್ಟುವ ಕ್ಯಾನ್ವಾಸಿನ ಮೇಲ್ಕಟ್ಟಿಗೂ ನಮ್ಮ ಗಾಡಿಯ ತಾಡಪತ್ರಿಗೂ ನೂಲು ಒಂದೇ, ಶತ್ರು ಒಂದೇ, ಆರೈಕೆಯೂ ಒಂದೇ.

ನಾವು ಸೇವೆ ಮಾಡುವ ಚಿಕ್ಕ ಸಭೆಯಲ್ಲಿಯೂ ಅಂಥದೊಂದು ಕ್ಯಾನ್ವಾಸ್ ಉಂಟು. ಹಿಂದಿನ ತಲೆಯವರು ಕೂಡಿ ಕೊಂಡದ್ದು. ಪ್ರಾರ್ಥನಾಲಯದೊಳಗೆ ಜನ ಹಿಡಿಸದ ಹಬ್ಬದ ದಿನಗಳಲ್ಲಿ ಅದನ್ನು ಬಾಗಿಲ ಮುಂದೆ ಮೇಲ್ಕಟ್ಟಾಗಿ ಕಟ್ಟುತ್ತೇವೆ. ವರುಷಗಳು ಕಳೆದಂತೆ ಅದು ಒಲೆಯ ಹೊಗೆಯಿಂದ ಕಪ್ಪಾಯಿತು, ಹಕ್ಕಿಗಳ ಹಿಕ್ಕೆಯಿಂದ ಕಲೆಗಟ್ಟಿತು, ಒಂದು ಮಳೆಗಾಲದಲ್ಲಿ ಒದ್ದೆಯಾಗಿಯೇ ಮಡಿಸಿಟ್ಟದ್ದರಿಂದ ಬೂಷ್ಟು ಹಿಡಿದು ನಾರಿತು. ಇದನ್ನು ದೇವರ ಮನೆಯ ಮುಂದೆ ಹೇಗೆ ಕಟ್ಟುವದೆಂದು ನಮ್ಮ ಯೌವನಸ್ಥರಿಗೆ ಬೇಸರವಾಗಿ, ಸುಗ್ಗಿಯ ಕಾಣಿಕೆಯ ಆರಾಧನೆಗೆ ಮುಂಚಿನ ವಾರದಲ್ಲಿ ಅವರು ಅದನ್ನು ಕೆರೆಗೆ ಹೊತ್ತುಕೊಂಡು ಹೋದರು. ತೊಳೆಯುವ ಸೋಡಾ ಹಾಕಿದರು, ಬ್ಲೀಚಿಂಗ್ ಪುಡಿ ಹಾಕಿದರು, ಅಂಗಡಿಯ ಸಾಬೂನುಪುಡಿಯನ್ನೂ ಹಾಕಿ ಗಟ್ಟಿಯಾದ ಕುಂಚದಿಂದ ತಿಕ್ಕಿದರು, ಕಲ್ಲಿನ ಮೇಲೆ ಬಡಿದರು. ಬಟ್ಟೆಯು ಬೆಳ್ಳಗಾಯಿತು. ಅದನ್ನು ಕಟ್ಟಿದಾಗ ಬಂದವರೆಲ್ಲರೂ ಹೊಗಳಿದರು. ನಾವೂ ಪೀಠದಿಂದ ಅವರ ಶ್ರಮವನ್ನು ಹೊಗಳಿದೆವು.

ಆರಾಧನೆಯ ನಡುವೆ ಹಿಂಗಾರಿನ ಮೋಡ ಕವಿಯಿತು. ದೊಡ್ಡ ಮಳೆಯೇನೂ ಅಲ್ಲ. ಅರ್ಧ ತಾಸು ಸುರಿದದ್ದು. ಆದರೆ ಆ ಬೆಳ್ಳಗಾದ ಮೇಲ್ಕಟ್ಟು ನೀರನ್ನು ಜರಡಿಯಂತೆ ಇಳಿಸಿತು. ಚಾಪೆಯ ಮೇಲೆ ಕೂತ ಮಕ್ಕಳು ತೊಯ್ದರು. ಕಾಣಿಕೆಯಾಗಿ ತಂದಿಟ್ಟ ಅಕ್ಕಿ ಬೇಳೆ ನೆನೆದವು. ಮುದುಕಿಯರು ಸತ್ಯವೇದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದರು. ಕಪ್ಪಾಗಿದ್ದಾಗ ಎಷ್ಟೋ ಮಳೆಗಳನ್ನು ತಡೆದಿದ್ದ ಬಟ್ಟೆಯು ಬೆಳ್ಳಗಾದ ಮೇಲೆ ಒಂದು ಮಳೆಯನ್ನೂ ತಡೆಯಲಿಲ್ಲ.

ನಮ್ಮ ಸಭೆಯಲ್ಲಿ ಬಹುಕಾಲ ಗಾಡಿ ಹೊಡೆದು ಜೀವಿಸಿದ ಒಬ್ಬ ವೃದ್ಧರುಂಟು. ಅವರು ತೊಯ್ದ ಬಟ್ಟೆಯ ಅಂಚನ್ನು ಬೆರಳಿನಿಂದ ಒರಸಿ ನೋಡಿ, "ತಮ್ಮಗಳಿರಾ, ಹೊಲಸು ತೆಗೆದಿರಿ, ಖರೆ. ಆದರ ಅದರ ಕೂಡ ಅರಿವೀ ಒಳಗಿದ್ದ ಕಾವಲೂ ತೆಗೆದಿರಿ. ಬರೇ ಬೆಳ್ಳಗಾದ ಅರಿವೀ ಮಳೀ ತಡಿಯೂದಿಲ್ಲ," ಅಂದರು.

ಈ ಮಾತಿನ ಅರ್ಥವನ್ನು ಅವರು ಆ ಮೇಲೆ ನಮಗೆ ವಿವರಿಸಿದರು. ಹತ್ತಿಯ ನೂಲು ಸ್ವಭಾವತಃ ನೀರನ್ನು ಕುಡಿಯುವಂಥದು. ಕ್ಯಾನ್ವಾಸು ಮಳೆಯನ್ನು ತಡೆಯುವದಕ್ಕೆ ಎರಡು ಕಾರಣಗಳುಂಟು. ಒಂದು, ನೂಲು ನೆನೆದಾಗ ಉಬ್ಬಿ ನೇಯ್ಗೆಯ ಸಂದುಗಳನ್ನು ಮುಚ್ಚುವದು. ಆದದರಿಂದಲೇ ಹೊಸ ಕ್ಯಾನ್ವಾಸನ್ನು ಮೊದಲು ಒಂದು ಸಾರಿ ಚೆನ್ನಾಗಿ ನೆನೆಸಿ ಒಣಗಿಸಿ ಆ ಮೇಲೆ ಉಪಯೋಗಿಸುವರು. ಇನ್ನೊಂದು, ನೂಲಿನ ಎಳೆಎಳೆಗೂ ಮೇಣವೋ ಎಣ್ಣೆಯೋ ಮತ್ತಾವುದಾದರೂ ಜಿಡ್ಡಿನ ಪದಾರ್ಥವೋ ಹತ್ತಿಕೊಂಡಿದ್ದು, ಬಿದ್ದ ನೀರು ಕೆಸುವಿನ ಎಲೆಯ ಮೇಲೆ ಉರುಳಿದಂತೆ ಉರುಳಿಹೋಗುವದು. ಸೋಡಾವೂ ಸಾಬೂನುಪುಡಿಯೂ ಹೊಲಸಿನ ಜಿಡ್ಡು ಯಾವದು, ಕಾವಲಿನ ಜಿಡ್ಡು ಯಾವದು ಎಂದು ಕೇಳುವದಿಲ್ಲ, ಎರಡನ್ನೂ ತೆಗೆದುಬಿಡುವವು. ಬ್ಲೀಚಿಂಗ್ ಪುಡಿಯು ನೂಲಿನ ಬಲವನ್ನೇ ತಿನ್ನುವದು. ಅಲ್ಲದೆ, ಸಾಬೂನು ಎಳೆಗಳಲ್ಲಿ ಉಳಿದುಕೊಂಡರೆ ಅದು ತಾನೇ ನೀರನ್ನು ಒಳಗೆ ಕರೆಯುವದು. ಹೀಗೆ ಬಹಳ ತೊಳೆದ ಬಟ್ಟೆಯು ತೊಳೆಯದ ಬಟ್ಟೆಗಿಂತಲೂ ಬಡವಾಗುವದು.

ಪ್ರಿಯರೇ, ಇಷ್ಟೇ ಆಗಿದ್ದರೆ ನಾವು ಇದನ್ನು ಬರೆಯುತ್ತಿರಲಿಲ್ಲ. ಆದರೆ ಆ ವೃದ್ಧರ ಮಾತನ್ನು ಕೇಳಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಯಾಕಂದರೆ ಅದೇ ವರುಷದಲ್ಲಿ ನಾವು ಬಟ್ಟೆಯನ್ನಲ್ಲ, ಒಬ್ಬ ಮನುಷ್ಯನನ್ನು ಹೀಗೆಯೇ ತೊಳೆದು ಬಿಟ್ಟಿದ್ದೆವು.

ನಮ್ಮ ಸಭೆಯ ಒಬ್ಬ ಸಹೋದರನು ಮದ್ಯಪಾನಕ್ಕೆ ವಶವಾಗಿದ್ದನು. ಮನೆಯಲ್ಲಿ ಜಗಳ, ಮಕ್ಕಳಿಗೆ ಹಸಿವು, ಸಂತೆಯಲ್ಲಿ ಸಾಲ. ಹಿರಿಯರು ಬುದ್ಧಿ ಹೇಳಿದರು, ಅವನು ಕೇಳಲಿಲ್ಲ. ಆಗ ಸಭೆಯ ಕ್ರಮದ ಪ್ರಕಾರ ಅವನನ್ನು ಕರ್ತನ ಭೋಜನದಿಂದ ಕೆಲವು ತಿಂಗಳು ದೂರವಿಟ್ಟೆವು. ಕೊನೆಗೆ ಅವನ ಮನಸ್ಸು ಮುರಿಯಿತು. ಒಂದು ಆದಿತ್ಯವಾರ ಅವನು ಸಭೆಯ ಮುಂದೆ ನಿಂತು ತನ್ನ ಪಾಪವನ್ನು ಕಣ್ಣೀರಿನಿಂದ ಅರಿಕೆಮಾಡಿದನು. ಕ್ಷಮಾಪಣೆಯ ಮಾತನ್ನು ನಾವೇ ಓದಿದೆವು. ಅವನ ಹೆಸರನ್ನು ಭೋಜನಕ್ಕೆ ಸೇರುವವರ ಪಟ್ಟಿಯಲ್ಲಿ ತಿರಿಗಿ ಬರೆದೆವು. ಅಲ್ಲಿಗೆ ನಮ್ಮ ಕೆಲಸವು ತೀರಿತೆಂದು ತಿಳಿದುಕೊಂಡೆವು.

ಆ ಮೇಲೆ ಅವನ ಮನೆಗೆ ಯಾರು ಹೋದರು? ಯಾರೂ ಹೋಗಲಿಲ್ಲ. ಹಿಂದೆ ಕುಡಿಯುವ ಗೆಳೆಯರೊಂದಿಗೆ ಕಳೆಯುತ್ತಿದ್ದ ಸಾಯಂಕಾಲಗಳನ್ನು ಅವನು ಈಗ ಯಾರೊಂದಿಗೆ ಕಳೆಯಬೇಕೆಂದು ಯಾರೂ ಕೇಳಲಿಲ್ಲ. ಮುಂಚೆ ಚಾಪೆ ಹಾಸುವದೂ ದೀಪ ಹಚ್ಚುವದೂ ಅವನ ಕೆಲಸವಾಗಿತ್ತು. ಅದನ್ನು ಬೇರೊಬ್ಬರಿಗೆ ಕೊಟ್ಟಿದ್ದೆವು, ಹಿಂದಕ್ಕೆ ಕೊಡಲಿಲ್ಲ. ಅವನು ಬಾಗಿಲ ಬಳಿಯಲ್ಲಿ ಕೂತು ಮೊದಲೇ ಎದ್ದುಹೋಗುತ್ತಿದ್ದನು. ಇದ್ದಲನ್ನು ತೊಳೆದರೆ ಬೆಳ್ಳಗಾದೀತೇ ಎಂದು ಕೆಲವರು ಅವನಿಗೆ ಕೇಳುವಂತೆಯೇ ಅಂದರು. ಮೂರು ತಿಂಗಳಾಗುವಷ್ಟರಲ್ಲಿ ಅವನು ತಿರಿಗಿ ಬಿದ್ದನು. ಆಗ ನಾವು, ಅವನ ಪಶ್ಚಾತ್ತಾಪವು ನಿಜವಾದದ್ದಲ್ಲವೆಂದು ತೀರ್ಪು ಹೇಳಿದೆವು. ದೇವರು ನಮ್ಮನ್ನು ಮನ್ನಿಸಲಿ. ಅವನ ಪಶ್ಚಾತ್ತಾಪವು ನಿಜವೇ ಆಗಿತ್ತು. ಅವನು ತೊಳೆಯಲ್ಪಟ್ಟವನೇ. ಆದರೆ ತೊಳೆದ ಬಟ್ಟೆಗೆ ಕಾವಲನ್ನು ಹಚ್ಚದೆ ಅದನ್ನು ಮಳೆಯಲ್ಲಿ ಕಟ್ಟಿದವರು ನಾವು.

ಕರ್ತನಾದ ಯೇಸು ಇದನ್ನು ನಮಗೆ ಮುಂಚೆಯೇ ಹೇಳಿದ್ದಾನೆ. ಲೂಕನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ, ಮನುಷ್ಯನಿಂದ ಹೊರಟ ಅಶುದ್ಧಾತ್ಮವು ತಿರಿಗಿ ಬಂದು ತನ್ನ ಮನೆಯನ್ನು ನೋಡುವದು. ಆ ಮನೆಯು ಹೊಲಸಾಗಿರಲಿಲ್ಲ. ಗುಡಿಸಿ ಅಲಂಕರಿಸಿ ಇತ್ತು. ಅದರ ಕೊರತೆಯು ಹೊಲಸಲ್ಲ, ಒಳಗೆ ಯಾರೂ ವಾಸಿಸದಿದ್ದದ್ದೇ. ಆದದರಿಂದ ಮೊದಲಿನದಕ್ಕಿಂತ ಕೆಟ್ಟವುಗಳಾದ ಬೇರೆ ಏಳು ಅದರಲ್ಲಿ ಸೇರಿಕೊಂಡವು. ಗುಡಿಸಿದ್ದು ತಪ್ಪೆಂದು ಕರ್ತನು ಹೇಳಲಿಲ್ಲ. ಗುಡಿಸಿ ಬರಿದಾಗಿ ಬಿಡುವದೇ ಅಪಾಯವೆಂದು ಹೇಳಿದನು.

ಇಲ್ಲಿ ಒಬ್ಬನು, "ಹಾಗಾದರೆ ತೊಳೆಯುವದೇ ಬೇಡ, ಬಟ್ಟೆಯು ಕಪ್ಪಾಗಿದ್ದಾಗ ಮಳೆಯನ್ನು ತಡೆಯುತ್ತಿತ್ತಲ್ಲಾ," ಎಂದಾನು. ಇದೂ ಸರಿಯಲ್ಲ. ಬೂಷ್ಟು ಸುಮ್ಮನೆ ಇರುವಂಥದಲ್ಲ. ತೇವವೂ ಹೊಲಸೂ ಕೂಡಿದ ಕಡೆಯಲ್ಲಿ ಅದು ಬೆಳೆದು ಹತ್ತಿಯ ನೂಲನ್ನೇ ತಿಂದು, ಕೊನೆಗೆ ಬೆರಳಿನಿಂದ ಒತ್ತಿದರೆ ಹರಿಯುವಂತೆ ಮಾಡುವದು. ಹೊಲಸಿನ ಮೇಲೆ ಮೇಣವನ್ನು ಬಳಿದರೆ ಮೇಣವು ನೂಲಿಗೆ ಹತ್ತದೆ ಹೊಲಸಿಗೆ ಹತ್ತಿ, ಹೊಲಸಿನೊಂದಿಗೇ ಉದುರುವದು. ಇದೇ ಯೆಹೆಜ್ಕೇಲನು 13ನೆಯ ಅಧ್ಯಾಯದಲ್ಲಿ ಸುಳ್ಳುಪ್ರವಾದಿಗಳನ್ನು ಗದರಿಸುವಾಗ, ಜನರು ಕಟ್ಟಿದ ಬಲವಿಲ್ಲದ ಗೋಡೆಗೆ ಇವರು ಸುಣ್ಣ ಬಳಿಯುತ್ತಾರೆಂದೂ, ಮಳೆ ಬಂದಾಗ ಆ ಗೋಡೆಯು ಬೀಳುವದೆಂದೂ ಹೇಳಿದನು. 2019ರ ಆಗಸ್ಟ್ ತಿಂಗಳಲ್ಲಿ ವರದಾ ಮತ್ತು ಧರ್ಮಾ ನದಿಗಳು ಉಕ್ಕಿ ಹರಿದಾಗ ಈ ಸೀಮೆಯಲ್ಲಿ ಮಣ್ಣಿನ ಗೋಡೆಗಳು ಕುಸಿದದ್ದನ್ನು ಕಂಡ ನಮಗೆ ಆ ವಾಕ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪಾಪವನ್ನು ತೊಳೆಯದೆ ಮುಚ್ಚುವ ಸಭೆಯು ಆ ಸುಣ್ಣ ಬಳಿಯುವವರ ಸಭೆ. ತೊಳೆದು ಕೈಬಿಡುವ ಸಭೆಯು ನಮ್ಮ ಬಿಳಿಯ ಮೇಲ್ಕಟ್ಟಿನ ಸಭೆ. ಎರಡರಲ್ಲಿಯೂ ಜನರು ತೊಯ್ಯುವರು.

ಹಾಗಾದರೆ ಸರಿಯಾದ ಕ್ರಮ ಯಾವದು? ಪುಷ್ಯಮಾಸದ ಒಣಬಿಸಿಲು ಬಂದ ಮೇಲೆ ಆ ವೃದ್ಧರು ನಮ್ಮ ಮೇಲ್ಕಟ್ಟನ್ನು ತಿರಿಗಿ ಸಿದ್ಧಪಡಿಸಿದರು. ನಾವು ಪಕ್ಕದಲ್ಲಿ ನಿಂತು ನೋಡಿದ್ದನ್ನು ಇಲ್ಲಿ ಬರೆಯುತ್ತೇವೆ. ಮನೆಯಲ್ಲಿ ಕ್ಯಾನ್ವಾಸ್ ಇರುವವರಿಗೆ ಅದರ ಮಟ್ಟಿಗೂ ಪ್ರಯೋಜನವಾದೀತು.

ಮೊದಲನೆಯದಾಗಿ ಅವರು ಬಟ್ಟೆಯನ್ನು ಒಣಗಿದಂತೆಯೇ ಹಾಸಿ, ಮೆತ್ತನೆಯ ಕಸಬರಿಗೆಯಿಂದ ಧೂಳನ್ನು ಝಾಡಿಸಿದರು. ಒಣಗಿದ ಹೊಲಸು ಒಣಗಿರುವಾಗಲೇ ಹೋಗುವದು. ಅದರ ಮೇಲೆ ನೀರು ಹೊಯ್ದರೆ ಕೆಸರಾಗಿ ನೂಲಿನೊಳಗೆ ಇಳಿಯುವದು ಎಂದರು. ಆ ಮೇಲೆ ಬರಿಯ ತಿಳಿನೀರಿನಲ್ಲಿ, ಹಿಂದಿನ ಸಾಬೂನಿನ ನೊರೆ ಕಾಣದೆ ಹೋಗುವ ವರೆಗೆ ಅನೇಕ ಸಾರಿ ಜಾಲಿಸಿದರು. ನಮ್ಮ ಯೌವನಸ್ಥರು ಒಂದು ದಿನದಲ್ಲಿ ತುಂಬಿದ ಖಾರವನ್ನು ತೆಗೆಯುವದಕ್ಕೆ ಎರಡು ದಿನ ಹಿಡಿಯಿತು. ಕಠಿನವಾಗಿ ತೊಳೆದದ್ದರ ಖಾರವನ್ನು ತೆಗೆಯುವದೂ ಒಂದು ಕೆಲಸವೇ. ನಾವು ಗದರಿಸಿದ ಸಹೋದರನ ಮನಸ್ಸಿನಲ್ಲಿ ನಮ್ಮ ಗದರಿಕೆಯ ಖಾರ ಎಷ್ಟು ಉಳಿದಿದೆಯೆಂದು ನಾವು ಎಂದಾದರೂ ವಿಚಾರಿಸಿದೆವೋ?

ಎರಡನೆಯದಾಗಿ ಹೊಲಿಗೆಗಳನ್ನು ನೋಡಿದರು. ತಾಡಪತ್ರಿಯು ನಡುಬಟ್ಟೆಯಲ್ಲಿ ಸೋರುವದಕ್ಕಿಂತ ಮುಂಚೆ ಹೊಲಿಗೆಯಲ್ಲಿ ಸೋರುವದು. ಸೂಜಿ ಹಾದುಹೋದ ಒಂದೊಂದು ತೂತೂ ನೀರಿಗೆ ಬಾಗಿಲು. ಅವರು ದಬ್ಬಣವನ್ನು ತೆಗೆದುಕೊಂಡು, ಜೇನುಮೇಣದಲ್ಲಿ ಎಳೆದ ದಾರದಿಂದ ಬಿಚ್ಚಿದ ಹೊಲಿಗೆಗಳನ್ನು ಹೊಲಿದು, ಉಳಿದ ಹೊಲಿಗೆಗಳ ಮೇಲೆ ಮೇಣವನ್ನು ಉಜ್ಜಿದರು. ಸಭೆಯಲ್ಲಿಯೂ ಹಾಗೆಯೇ. ಒಂದೊಂದು ಮನೆಯೂ ತನ್ನಷ್ಟಕ್ಕೆ ಗಟ್ಟಿಯಾಗಿರಬಹುದು. ಮನೆಗೂ ಮನೆಗೂ ನಡುವಣ ಹೊಲಿಗೆಯಲ್ಲಿ ಸೋರುವದು. ನೋವಾದ ಮಾತು, ತೀರದ ಸಾಲ, ಕರೆಯದೆ ಬಿಟ್ಟ ಮದುವೆ, ಇವೇ ಸೂಜಿಯ ತೂತುಗಳು.

ಮೂರನೆಯದು ಕಾವಲು ಹಚ್ಚುವದು. ಒಂದು ದೊಡ್ಡ ಹಂಡೆಯಲ್ಲಿ ಬಿಸಿನೀರಿಟ್ಟು, ಎಣ್ಣೆಯಿಂದ ಮಾಡಿದ ಹಳೆಯ ತರದ ಬಟ್ಟೆಸಾಬೂನನ್ನು ಹೆರೆದು ಕರಗಿಸಿದರು. ಈಗಿನ ಸಾಬೂನುಪುಡಿ ಈ ಕೆಲಸಕ್ಕೆ ಬಾರದು. ಬಟ್ಟೆಯನ್ನು ಆ ನೀರಿನಲ್ಲಿ ಸ್ವಲ್ಪಸ್ವಲ್ಪವಾಗಿ ಇಳಿಸಿ ಎಲ್ಲಾ ಕಡೆಗೂ ಹೀರಿಸಿ, ಹಿಂಡಿ, ಬೇರೊಂದು ಹಂಡೆಯಲ್ಲಿ ಪಟಿಕವನ್ನು, ಅಂದರೆ ಕ್ಷೌರಿಕರು ಗಾಯಕ್ಕೆ ಹಚ್ಚುವ ಆ ಬಿಳಿಯ ಕಲ್ಲನ್ನು, ಕರಗಿಸಿದ ನೀರಿನಲ್ಲಿ ಮುಳುಗಿಸಿದರು. ನಾವು ಆಶ್ಚರ್ಯಪಟ್ಟು, "ಸಾಬೂನೇ ಅಲ್ಲವೇ ಈ ಬಟ್ಟೆಯನ್ನು ಕೆಡಿಸಿದ್ದು?" ಎಂದು ಕೇಳಿದೆವು. ಅದಕ್ಕೆ ಅವರು ನಕ್ಕು, "ಅಯ್ಯನವರೇ, ಸಾಬೂನು ಒಂದೇ ಇದ್ದರ ನೀರನ್ನ ಒಳಗ ಕರೀತದ. ಪಟಿಕದ ಕೂಡ ಕೂಡಿತಂದರ ಅದೇ ನೀರನ್ನ ಹೊರಗ ನಿಲ್ಲಸ್ತದ," ಅಂದರು.

ಇದು ಕಟ್ಟುಕಥೆಯಲ್ಲ. ಸಾಬೂನೂ ಪಟಿಕವೂ ನೂಲಿನ ಎಳೆಯಲ್ಲಿ ಸಂಧಿಸಿದಾಗ, ನೀರಿನಲ್ಲಿ ಕರಗದಂಥ ಒಂದು ಹೊಸ ಪದಾರ್ಥವು ಅಲ್ಲಿಯೇ ಹುಟ್ಟಿ ಎಳೆಗೆ ಹತ್ತಿಕೊಳ್ಳುವದು. ಮೇಣದ ಬಟ್ಟೆ ದೊರೆಯದ ಕಡೆಗಳಲ್ಲಿ ಹಿಂದಿನವರು ಅನೇಕ ದೇಶಗಳಲ್ಲಿ ಈ ಉಪಾಯವನ್ನು ಮಾಡುತ್ತಿದ್ದರು. ಆ ಮಾತನ್ನು ಕೇಳಿದಾಗ ನಮಗೆ ಅಪೊಸ್ತಲನಾದ ಪೌಲನು ನೆನಪಿಗೆ ಬಂದನು. ಅವನು ಗುಡಾರ ಮಾಡುವ ಕಸಬಿನವನು. ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಮನೆಯಲ್ಲಿದ್ದು ಅದೇ ಕೆಲಸವನ್ನು ಮಾಡಿದನೆಂದು ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲಿ ಓದುತ್ತೇವೆ. ಹೊದಿಕೆಯ ಅಡಿಯಲ್ಲಿ ಮಲಗುವವನ ಕಷ್ಟವು ಅವನಿಗೆ ತಿಳಿದಿತ್ತು. ಅದೇ ಕೊರಿಂಥದ ಸಭೆಗೆ ಬರೆಯುವಾಗ ಅವನು, ದುಃಖಪಡಿಸಿದ ಒಬ್ಬನ ವಿಷಯದಲ್ಲಿ, ಬಹುಜನರಿಂದಾದ ಶಿಕ್ಷೆಯು ಸಾಕೆಂದೂ, ಇನ್ನು ಅವನನ್ನು ಮನ್ನಿಸಿ ಸಂತೈಸಬೇಕೆಂದೂ, ಇಲ್ಲದಿದ್ದರೆ ಅವನು ಅಧಿಕವಾದ ದುಃಖದಲ್ಲಿ ಮುಳುಗಿಹೋದಾನೆಂದೂ, ಆದಕಾರಣ ಅವನ ಮೇಲಿರುವ ಪ್ರೀತಿಯನ್ನು ಸ್ಥಿರಪಡಿಸಬೇಕೆಂದೂ ಬೇಡಿಕೊಳ್ಳುತ್ತಾನೆ. ಗದರಿಕೆಯು ಬೇಡವೆಂದು ಅವನು ಹೇಳಲಿಲ್ಲ. ಗದರಿಕೆಯೊಂದೇ ಇರಬಾರದೆಂದು ಹೇಳಿದನು. ಪ್ರೀತಿಯನ್ನು ಕೂಡದ ಗದರಿಕೆಯು ಮನುಷ್ಯನನ್ನು ಶೋಧನೆಗೆ ತೆರೆದಿಡುವದು. ಪ್ರೀತಿಯನ್ನು ಕೂಡಿದರೆ ಅದೇ ಗದರಿಕೆಯು ಅವನನ್ನು ಕಾಯುವದು.

ನಮ್ಮ ಕರ್ತನು ತಾನೇ ಇದನ್ನು ಹೇಗೆ ಮಾಡಿದನೆಂದು ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ನೋಡಿರಿ. ಪೇತ್ರನು ಮೂರು ಸಾರಿ ಅಲ್ಲಗಳೆದು ಹೊರಗೆ ಹೋಗಿ ವ್ಯಥೆಪಟ್ಟು ಅತ್ತಿದ್ದನು. ಆ ಕಣ್ಣೀರು ತೊಳೆಯುವ ನೀರು. ಆದರೆ ಕರ್ತನು ಅವನನ್ನು ಕಣ್ಣೀರಿನಲ್ಲಿಯೇ ಬಿಡಲಿಲ್ಲ. ಸಮುದ್ರದ ದಡದಲ್ಲಿ ಕೆಂಡವನ್ನು ಮಾಡಿ, ರೊಟ್ಟಿಯನ್ನೂ ಮೀನನ್ನೂ ಸಿದ್ಧಪಡಿಸಿ, ಮೊದಲು ಉಣ್ಣಿಸಿದನು. ಆ ಮೇಲೆ ತನ್ನನ್ನು ಪ್ರೀತಿಸುತ್ತೀಯೋ ಎಂದು ಮೂರು ಸಾರಿ ಕೇಳಿದನು; ಅದರಲ್ಲಿ ನೋವೂ ಇತ್ತು, ವಾಕ್ಯದಲ್ಲಿಯೇ ಪೇತ್ರನು ದುಃಖಪಟ್ಟನೆಂದು ಇದೆ. ಕೇಳಿದ ಒಂದೊಂದು ಸಾರಿಯೂ ಅವನಿಗೆ ಕುರಿಗಳನ್ನು ಮೇಯಿಸುವ ಕೆಲಸವನ್ನು ಒಪ್ಪಿಸಿದನು. ಊಟ, ಸತ್ಯವಾದ ಮಾತು, ಕೆಲಸ: ಈ ಮೂರರಿಂದ ಕರ್ತನು ತನ್ನ ಶಿಷ್ಯನಿಗೆ ಕಾವಲನ್ನು ಹಚ್ಚಿದನು. ನಾವಾದರೋ ಆ ಸಹೋದರನಿಗೆ ಮಾತನ್ನು ಮಾತ್ರ ಕೊಟ್ಟೆವು; ಊಟಕ್ಕೆ ಕರೆಯಲಿಲ್ಲ, ಇದ್ದ ಕೆಲಸವನ್ನೂ ಕಿತ್ತುಕೊಂಡೆವು.

ನಾಲ್ಕನೆಯದಾಗಿ ಒಣಗಿಸುವದು. ಪಟಿಕದ ನೀರಿನಿಂದ ತೆಗೆದ ಬಟ್ಟೆಯನ್ನು ಎರಡು ಮರಗಳ ನಡುವೆ ಹಗ್ಗಕ್ಕೆ ಹರವಿ, ಸಂಪೂರ್ಣವಾಗಿ ಒಣಗುವ ವರೆಗೆ ಮುಟ್ಟಲಿಲ್ಲ. ಯೌವನಸ್ಥರಲ್ಲಿ ಒಬ್ಬನು ಆ ಸಾಯಂಕಾಲವೇ ಅದನ್ನು ಮಡಿಸುವದಕ್ಕೆ ಹೋದನು, ವೃದ್ಧರು ತಡೆದರು. ಹೊರಗೆ ಒಣಗಿದಂತೆ ಕಂಡರೂ ಮಡಿಕೆಯಲ್ಲಿ ತೇವ ಉಳಿದರೆ ಬೂಷ್ಟು ಅಲ್ಲಿಂದಲೇ ಹುಟ್ಟುವದು ಎಂದರು. ಬಿದ್ದೆದ್ದವನಿಗೂ ಕಾಲ ಬೇಕು. ಇಂದು ಅರಿಕೆಮಾಡಿದವನು ನಾಳೆಯೇ ಗಟ್ಟಿಯಾದನೋ ಎಂದು ಪರೀಕ್ಷಿಸುವದಕ್ಕೆ ಅವಸರಪಡಬಾರದು.

ಕೊನೆಯಲ್ಲಿ ಅವರು ಒಂದು ಚೊಂಬು ನೀರನ್ನು ಬಟ್ಟೆಯ ಮೇಲೆ ಚಿಮುಕಿಸಿದರು. ಹನಿಗಳು ಮುತ್ತಿನಂತೆ ನಿಂತು ಅಂಚಿಗೆ ಉರುಳಿಹೋದವು. ಆಗ ಅವರು ಇನ್ನೊಂದು ಎಚ್ಚರಿಕೆಯನ್ನು ಹೇಳಿದರು: ಮಳೆ ಸುರಿಯುವಾಗ ಮೇಲ್ಕಟ್ಟಿನ ಒಳಮೈಯನ್ನು ಬೆರಳಿನಿಂದ ಮುಟ್ಟಬಾರದು, ಮುಟ್ಟಿದ ಕಡೆಯಲ್ಲಿ ನೀರು ಒಳಗೆ ದಾರಿಮಾಡಿಕೊಂಡು ತೊಟ್ಟಿಕ್ಕುವದು. ಹೊರಗಿನ ಮಳೆಯು ಮಾಡಲಾರದ್ದನ್ನು ಒಳಗಿನ ಒಂದು ಬೆರಳು ಮಾಡುವದು. ಪ್ರಿಯರೇ, ಒಬ್ಬ ಸಹೋದರನು ಶೋಧನೆಯ ಮಳೆಯಲ್ಲಿ ನಿಂತಿರುವ ಹೊತ್ತಿನಲ್ಲಿ ಅವನ ಹಳೆಯ ಪಾಪದ ಮೇಲೆ ಬೆರಳಿಟ್ಟು ತೋರಿಸಬೇಡಿರಿ.

ಇದನ್ನೆಲ್ಲಾ ಹೇಳಿದ ಮೇಲೆ ನಾವು ಮುಚ್ಚಿಡಬಾರದ ಒಂದು ಸಂಗತಿಯುಂಟು. ತೊಯ್ದ ಕ್ಯಾನ್ವಾಸು ಬಹಳ ಭಾರ; ಅದನ್ನು ಹಂಡೆಯಿಂದ ಹಂಡೆಗೆ ಎತ್ತುವದು ಒಬ್ಬರ ಕೈಕೆಲಸವಲ್ಲ. ಒಂದು ತುದಿಯನ್ನು ವೃದ್ಧರು ಹಿಡಿದಿದ್ದರು. ಇನ್ನೊಂದು ತುದಿಯನ್ನು ಹಿಡಿಯುವದಕ್ಕೆ ನಮ್ಮ ಯೌವನಸ್ಥರು ಮುಂದೆ ಬಂದಾಗ ಅವರು, ತಾನು ಆಗಲೇ ಒಬ್ಬನನ್ನು ಕರೆದಿದ್ದೇನೆಂದು ಹೇಳಿದರು. ಬಂದವನು ಯಾರೆಂದು ನಿಮಗೆ ತಿಳಿದಿರಬಹುದು. ಆ ಸಹೋದರನು ತಲೆ ತಗ್ಗಿಸಿಕೊಂಡು ಬಂದು, ಎರಡು ದಿನ ಆ ತುದಿಯನ್ನು ಹಿಡಿದು ನಿಂತನು. ಮಧ್ಯಾಹ್ನ ವೃದ್ಧರ ಮನೆಯಿಂದ ರೊಟ್ಟಿ ಪಲ್ಯ ಬಂತು; ಇಬ್ಬರೂ ಒಂದೇ ನೆರಳಿನಲ್ಲಿ ಕೂತು ಉಂಡರು. ಸಭಾಪಾಲಕರೆಂದು ಕರೆಯಿಸಿಕೊಳ್ಳುವ ನಾವು ಮಾಡದೆ ಬಿಟ್ಟದ್ದನ್ನು, ಅಕ್ಷರ ಬಾರದ ಆ ಗಾಡಿಯವರು ಮಾಡಿದರು. ನಾವು ಅಲ್ಲಿಯೇ ಅವನ ಬಳಿಗೆ ಹೋಗಿ ಮನ್ನಿಸಬೇಕೆಂದು ಕೇಳಿಕೊಂಡೆವು.

ಅವನು ಆ ದಿನದಿಂದ ಪೂರ್ಣವಾಗಿ ಬದಲಾದನೆಂದು ಬರೆಯುವದು ಸುಲಭ, ಆದರೆ ಸತ್ಯವಲ್ಲ. ಆ ಮೇಲೆಯೂ ಒಂದು ಸಾರಿ ಅವನು ಬಿದ್ದನು. ಆಗ ತೀರ್ಪು ಹೇಳುವದಕ್ಕೆ ಮುಂಚೆ ಇಬ್ಬರು ಹಿರಿಯರು ಅದೇ ಸಾಯಂಕಾಲ ಅವನ ಮನೆಗೆ ಹೋದರು. ಈಗ ಚಾಪೆ ಹಾಸುವದೂ ಮೇಲ್ಕಟ್ಟನ್ನು ಕಟ್ಟಿ ಬಿಚ್ಚಿ ಒಣಗಿಸಿ ಇಡುವದೂ ಅವನ ಕೆಲಸ. ಅವನು ಹೋರಾಡುತ್ತಿದ್ದಾನೆ. ಒಬ್ಬನೇ ಹೋರಾಡುತ್ತಿಲ್ಲ.

ಕಾವಲು ಒಂದು ಸಾರಿ ಹಚ್ಚಿದರೆ ಎಂದೆಂದಿಗೂ ನಿಲ್ಲುವಂಥದಲ್ಲ. ಬಿಸಿಲೂ ಮಳೆಯೂ ಅದನ್ನು ಸವೆಸುವವು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಅಂಥ ಮಂಗಳೂರು ಹಂಚಿನ ಮನೆಗಳು ನಮ್ಮ ಊರುಗಳಲ್ಲಿಯೂ ಉಂಟು. ಸುಟ್ಟು ಗಟ್ಟಿಯಾದ ಹಂಚನ್ನು ಹಾಕಿದವರೂ ಮುಂಗ‌ಾರಿಗೆ ಮುಂಚೆ ಮೇಲೆ ಹತ್ತಿ ಒಡೆದದ್ದನ್ನು ತೆಗೆದು ಜರಗಿದ್ದನ್ನು ಸರಿಪಡಿಸದೆ ಇರುವದಿಲ್ಲ. ಹಂಚಿಗೇ ಇಷ್ಟು ಬೇಕಾದರೆ ಬಟ್ಟೆಗೆ ಎಷ್ಟು ಬೇಕು! ಬಟ್ಟೆಗಿಂತ ಮೃದುವಾದ ಮನುಷ್ಯಹೃದಯಕ್ಕೆ ಇನ್ನೆಷ್ಟು ಬೇಕು! ಆದದರಿಂದ ಈ ಸಾರಿ ಮುಂಗಾರು ಬರುವದಕ್ಕೆ ಮುಂಚೆ ನಿಮ್ಮ ಸಭೆಯಲ್ಲಿ ಮೂರು ಕೆಲಸಗಳನ್ನು ಮಾಡಿರಿ. ಕಳೆದ ವರುಷಗಳಲ್ಲಿ ಯಾರನ್ನು ಗದರಿಸಿದಿರಿ, ಅವರು ಈಗ ಎಲ್ಲಿ ಕೂಡ್ರುತ್ತಾರೆ ಎಂದು ನೋಡಿರಿ. ಅವರಲ್ಲಿ ಒಬ್ಬರನ್ನಾದರೂ ನಿಮ್ಮ ಮನೆಯ ಊಟಕ್ಕೆ ಕರೆಯಿರಿ. ಅವರ ಕೈಗೆ ದೇವರ ಮನೆಯ ಒಂದು ಕೆಲಸವನ್ನು ಕೊಡಿರಿ.

ಸಭೆಯ ಹಿರಿಯರೇ, ನಿಮಗೆ ವಿಶೇಷವಾಗಿ ಒಂದು ಮಾತು. ಯೆಹೆಜ್ಕೇಲನು ತೂರಿನ ಹಡಗಿನಲ್ಲಿದ್ದವರನ್ನು ಎಣಿಸುವಾಗ, ಗೆಬಲ್ ಪಟ್ಟಣದ ಹಿರಿಯರೂ ಜಾಣರೂ ಯಾವ ಕೆಲಸದಲ್ಲಿದ್ದರೆಂದು ಹೇಳುತ್ತಾನೆ? ಅವರು ಮೇಲ್ಕಟ್ಟಿನ ನೆರಳಲ್ಲಿ ಕೂತು ಅಪ್ಪಣೆ ಕೊಡುವವರಾಗಿರಲಿಲ್ಲ. ಹಡಗಿನ ಬಿರುಕುಗಳನ್ನು ಮುಚ್ಚುವವರಾಗಿದ್ದರು. ಹಿರಿತನಕ್ಕೆ ಇದಕ್ಕಿಂತ ಒಳ್ಳೆಯ ಕೆಲಸವು ಸತ್ಯವೇದದಲ್ಲಿ ನಮಗೆ ಕಾಣಲಿಲ್ಲ.

ಪ್ರಾರ್ಥನೆ: ಕೃಪೆಯುಳ್ಳ ತಂದೆಯೇ, ನಮ್ಮನ್ನು ನಿನ್ನ ಮಗನ ರಕ್ತದಿಂದ ತೊಳೆದು ಬರಿದಾಗಿ ಬಿಡದೆ ನಿನ್ನ ಆತ್ಮನಿಂದ ಕಾಯುತ್ತಿರುವದಕ್ಕಾಗಿ ನಿನ್ನನ್ನು ಕೊಂಡಾಡುತ್ತೇವೆ. ಬೇರೆಯವರನ್ನು ತೊಳೆಯುವದರಲ್ಲಿ ಕಠಿನರೂ ಕಾಯುವದರಲ್ಲಿ ಸೋಮಾರಿಗಳೂ ಆದ ನಮ್ಮನ್ನು ಮನ್ನಿಸು. ನಮ್ಮ ಸಭೆಗಳ ಹೊಲಿಗೆಗಳನ್ನು ಭದ್ರಪಡಿಸು. ಮಳೆಯಲ್ಲಿ ನಿಂತಿರುವ ಸಹೋದರ ಸಹೋದರಿಯರ ಬಳಿಗೆ ನಮ್ಮನ್ನು ಇಂದೇ ಕಳುಹಿಸು. ನಮ್ಮ ಕರ್ತನಾದ ಯೇಸು ಕ್ರಿಸ್ತನ ಹೆಸರಿನಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.